ಭಾರತದ ಪರಿಸರ ಕಾನೂನು ಮತ್ತು ಉದ್ಯಮಗಳು

ಭಾರತದಲ್ಲಿ ಕಾರ್ಖಾನೆ, ಗಣಿ, ಆಸ್ಪತ್ರೆ, ಹೋಟೆಲು ಅಥವಾ ದೊಡ್ಡ ವಸತಿ ಸಮುಚ್ಚಯ ನಡೆಸುವವರಿಗೆ ಅನ್ವಯಿಸುವ ಪರಿಸರ ಕಾನೂನು ಮುಖ್ಯವಾಗಿ ಮೂರು ಕಾಯ್ದೆಗಳಲ್ಲಿದೆ: 1974ರ ಜಲ ಮಾಲಿನ್ಯ ಕಾಯ್ದೆ, 1981ರ ವಾಯು ಮಾಲಿನ್ಯ ಕಾಯ್ದೆ ಮತ್ತು 1986ರ ಪರಿಸರ ಸಂರಕ್ಷಣಾ ಕಾಯ್ದೆ. ಮೂರರ ಹೆಸರೂ ಹಾಗೇ ಉಳಿದಿದೆ. ಆದರೆ 2022ರಿಂದ 2025ರ ಅವಧಿಯಲ್ಲಿ ಅವುಗಳಡಿಯ ಶಿಕ್ಷೆಯ ಸ್ವರೂಪ, ಅನುಮತಿಯ ಕ್ರಮ, ತ್ಯಾಜ್ಯದ ಹೊಣೆ ಎಲ್ಲವೂ ಬದಲಾದವು. ಬಹುಪಾಲು ತಪ್ಪುಗಳಿಗೆ ಜೈಲಿನ ಬದಲು ದಂಡ ಬಂತು. ಕೆಲವು ಉದ್ಯಮಗಳಿಗೆ ಸಮ್ಮತಿ ಪತ್ರವೇ ಬೇಡವಾಯಿತು. ಮಾರಿದ ಸರಕು ಕಸವಾದ ಮೇಲೂ ತಯಾರಕನ ಬೆನ್ನು ಬಿಡದಾಯಿತು.

ಆರಂಭ

ಹೊಗೆ ಮತ್ತು ಕೊಳೆನೀರಿನ ಮೇಲೆ ಕಾನೂನಿನ ಕಣ್ಣು ಬಿದ್ದದ್ದು ಬ್ರಿಟಿಷರ ಕಾಲದಲ್ಲೇ. 1860ರ ದಂಡಸಂಹಿತೆಯಲ್ಲಿ ಸಾರ್ವಜನಿಕ ಬಾವಿ, ಕೆರೆಯ ನೀರು ಕೆಡಿಸುವುದು ಅಪರಾಧವಾಗಿತ್ತು. 1905ರಲ್ಲಿ ಬಂಗಾಳಕ್ಕೆ, 1912ರಲ್ಲಿ ಮುಂಬಯಿಗೆ ಹೊಗೆ ಉಪದ್ರವದ ಕಾಯ್ದೆಗಳು ಬಂದವು. ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆಗಳ ಕಾಯ್ದೆ ತ್ಯಾಜ್ಯ ವಿಲೇವಾರಿಯ ಮಾತೆತ್ತಿತು. ಇವೆಲ್ಲ ಉಪದ್ರವವಾದ ಮೇಲೆ ದೂರು ಕೇಳುವ ಕಾನೂನುಗಳು. ಉದ್ಯಮ ಶುರುವಾಗುವ ಮೊದಲೇ ತಡೆದು ನಿಲ್ಲಿಸಿ ಪ್ರಶ್ನೆ ಕೇಳುವ ಪದ್ಧತಿ ದೇಶದ ಮಟ್ಟದಲ್ಲಿ ಬಂದದ್ದು 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಂತರ.

ನೀರು ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಹಾಗಾಗಿ ಸಂಸತ್ತು ಅದರ ಮೇಲೆ ನೇರವಾಗಿ ಕಾಯ್ದೆ ಮಾಡುವಂತಿರಲಿಲ್ಲ. ಸಂವಿಧಾನದ 252ನೇ ವಿಧಿಯಡಿ ರಾಜ್ಯಗಳು ನಿರ್ಣಯ ಮಾಡಿ ಕೇಳಿಕೊಳ್ಳಬೇಕಿತ್ತು. ಹಾಗೆ ಕೇಳಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಜಲ ಕಾಯ್ದೆ 1974ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಇಂದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಎನಿಸಿಕೊಂಡಿರುವ ಸಂಸ್ಥೆ ಅದೇ ವರ್ಷ ಸೆಪ್ಟೆಂಬರ್ 21ರಂದು ರಚನೆಯಾಯಿತು. ಐವತ್ತು ವರ್ಷಗಳ ನಂತರ ಕಾಯ್ದೆ ತಿದ್ದುವಾಗಲೂ ಈ 252ನೇ ವಿಧಿ ಅಡ್ಡ ಬಂದದ್ದನ್ನು ಮುಂದೆ ನೋಡಬಹುದು.

ಈ ಕಾಯ್ದೆ ತಂದ ಮುಖ್ಯ ಸಾಧನ ಸಮ್ಮತಿ ಪತ್ರ. ಕಟ್ಟಡ ಕಟ್ಟುವ ಮೊದಲು ಒಂದು, ಯಂತ್ರ ಚಾಲೂ ಮಾಡುವ ಮೊದಲು ಇನ್ನೊಂದು. ಕರ್ನಾಟಕದ ಕೈಗಾರಿಕಾ ಪ್ರದೇಶಗಳಲ್ಲಿ ಇವು ಸಿಎಫ್‌ಇ, ಸಿಎಫ್‌ಒ ಎಂದೇ ಬಳಕೆಯಲ್ಲಿವೆ. ಪತ್ರ ಬಿಡಿಸಿ ನೋಡಿದರೆ ದಿನಕ್ಕೆ ಎಷ್ಟು ಲೀಟರ್ ನೀರು ಬಳಸಬಹುದು, ಹೊರಬಿಡುವ ನೀರಿನಲ್ಲಿ ಯಾವ ಅಂಶ ಎಷ್ಟಿರಬಹುದು, ಜನರೇಟರಿನ ಹೊಗೆಕೊಳವೆ ಎಷ್ಟು ಎತ್ತರವಿರಬೇಕು, ಹಳೆಯ ಎಣ್ಣೆಯ ಪೀಪಾಯಿಯನ್ನು ಯಾರಿಗೆ ಕೊಡಬೇಕು ಎಂಬ ಷರತ್ತುಗಳು ಸಾಲಾಗಿರುತ್ತವೆ. ಸಣ್ಣ ಉದ್ಯಮಿಯ ಪಾಲಿಗೆ ಪರಿಸರ ಕಾನೂನು ಎಂದರೆ ಬಹುಮಟ್ಟಿಗೆ ಈ ಪತ್ರ, ಅದರ ಕೊನೆಯ ದಿನಾಂಕ ಮತ್ತು ಪ್ರತಿ ಸೆಪ್ಟೆಂಬರ್ 30ರೊಳಗೆ ಸಲ್ಲಿಸಬೇಕಾದ ಪರಿಸರ ವಿವರಣಾ ಪಟ್ಟಿ.

ಭೋಪಾಲದ ನಂತರ

1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಸೋರಿ ಸಾವಿರಾರು ಜನ ಸತ್ತರು. ಒಂದು ವರ್ಷದ ನಂತರ ದೆಹಲಿಯ ಶ್ರೀರಾಮ್ ಕಾರ್ಖಾನೆಯಲ್ಲಿ ಓಲಿಯಂ ಸೋರಿತು. ಈ ಎರಡನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿ ಕೊಟ್ಟ ತೀರ್ಪು ಉದ್ಯಮದ ಹೊಣೆಯ ಅರ್ಥವನ್ನೇ ಬದಲಿಸಿತು: ಅಪಾಯಕಾರಿ ಕೆಲಸಕ್ಕೆ ಕೈಹಾಕಿದವನು ಎಷ್ಟೇ ಎಚ್ಚರ ವಹಿಸಿದ್ದರೂ ಹಾನಿಗೆ ಅವನೇ ಹೊಣೆ, ಪರಿಹಾರವೂ ಕಂಪನಿಯ ಗಾತ್ರಕ್ಕೆ ತಕ್ಕಂತಿರಬೇಕು. ಅದೇ ವರ್ಷದ ನವೆಂಬರ್ 19ರಂದು ಪರಿಸರ ಸಂರಕ್ಷಣಾ ಕಾಯ್ದೆ ಜಾರಿಗೆ ಬಂತು. ಮಾಲಿನ್ಯಕ್ಕೆ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ ಎಂದು ಅದರ 15ನೇ ಸೆಕ್ಷನ್ ಹೇಳಿತು. ಕಾಗದದ ಮೇಲೆ ಕಠಿಣವಾದ ಈ ಸೆಕ್ಷನ್ ಬಳಕೆಯಲ್ಲಿ ಮಂದವಾಗಿತ್ತು. ಜೈಲು ಶಿಕ್ಷೆ ಕೊಡಿಸಲು ಮಂಡಳಿ ಕ್ರಿಮಿನಲ್ ಮೊಕದ್ದಮೆ ಹೂಡಿ ವರ್ಷಗಟ್ಟಲೆ ಓಡಾಡಬೇಕಿತ್ತು. ಆ ಒಂದು ಲಕ್ಷವೋ, ಮೂವತ್ತೇಳು ವರ್ಷ ಅಲ್ಲಾಡದೆ ಅಷ್ಟಕ್ಕೇ ನಿಂತಿತ್ತು. ಜಲ ಕಾಯ್ದೆಗೆ ಬಂದ 1988ರ ತಿದ್ದುಪಡಿ ಕೊಟ್ಟ ಇನ್ನೊಂದು ಅಧಿಕಾರ, ಅಂದರೆ ಘಟಕ ಮುಚ್ಚಿಸಿ ವಿದ್ಯುತ್ ಸಂಪರ್ಕ ಕಡಿಸುವುದು, ಉದ್ಯಮಿಗಳಿಗೆ ಜೈಲಿನ ಮಾತಿಗಿಂತ ಹೆಚ್ಚು ಬಿಸಿ ಮುಟ್ಟಿಸಿತು.

ಕಾಯ್ದೆಯಲ್ಲಿ ಬರೆಯದಿದ್ದುದನ್ನು ನ್ಯಾಯಾಲಯಗಳು ತುಂಬಿದವು. ತಮಿಳುನಾಡಿನ ಪಾಲಾರ್ ದಂಡೆಯ ಚರ್ಮ ಹದಮಾಡುವ ಕಾರ್ಖಾನೆಗಳ ವಿರುದ್ಧದ ವೆಲ್ಲೂರು ಪ್ರಕರಣದಲ್ಲಿ (1996) ‘ಕೆಡಿಸಿದವನೇ ತೆರಬೇಕು’ ಎಂಬ ತತ್ವ ದೇಶದ ಕಾನೂನಿನ ಭಾಗವೆಂದು ಸುಪ್ರೀಂ ಕೋರ್ಟ್ ಸಾರಿತು. 2010ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಶುರುವಾಯಿತು. ಅದರ ಆದೇಶಗಳ ಕಾವು ಬೆಂಗಳೂರಿಗೆ ಬೇಗನೆ ತಟ್ಟಿತು. 2016ರ ಮೇ ತಿಂಗಳಲ್ಲಿ ನ್ಯಾಯಮಂಡಳಿ ನಗರದ ಕೆರೆಗಳ ಸುತ್ತ 75 ಮೀಟರ್, ರಾಜಕಾಲುವೆಗಳ ಬದಿಯಲ್ಲಿ ಅವುಗಳ ದರ್ಜೆಯಂತೆ 50, 35, 25 ಮೀಟರ್ ಜಾಗ ಬಿಡಬೇಕೆಂದಿತು. ಬಿಲ್ಡರುಗಳ ನಕ್ಷೆಗಳೆಲ್ಲ ಏರುಪೇರಾದವು. ಮಾಸ್ಟರ್ ಪ್ಲಾನ್ ಬದಲಿಸುವ ಅಧಿಕಾರ ನ್ಯಾಯಮಂಡಳಿಗಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ರದ್ದುಮಾಡಿತು. ನೊರೆ ಉಕ್ಕಿ ಬೆಂಕಿಯೂ ಹತ್ತಿಕೊಂಡ ಬೆಳ್ಳಂದೂರು ಕೆರೆಯ ಪ್ರಕರಣದಲ್ಲಿ ಮಾತ್ರ ದಂಡ ಬಿದ್ದದ್ದು ಉದ್ಯಮಗಳಿಗಲ್ಲ, ರಾಜ್ಯ ಸರ್ಕಾರಕ್ಕೆ: 2018ರ ಡಿಸೆಂಬರಿನಲ್ಲಿ 50 ಕೋಟಿ ರೂಪಾಯಿ.

ಪೂರ್ವಾನುಮತಿಯ ಜಗಳ

ಸಮ್ಮತಿ ಪತ್ರ ಮಂಡಳಿ ಕೊಡುವಂಥದ್ದು. ದೊಡ್ಡ ಯೋಜನೆಗಳಿಗೆ ಅದಲ್ಲದೆ ಪರಿಸರ ಅನುಮತಿಯೂ ಬೇಕು. ಯೋಜನೆಯ ಪರಿಣಾಮವನ್ನು ಮೊದಲೇ ಅಂದಾಜು ಮಾಡಿಸುವ ಈ ಕ್ರಮ 1994ರ ಜನವರಿಯ ಅಧಿಸೂಚನೆಯಿಂದ ಕಡ್ಡಾಯವಾಯಿತು, 1997ರಲ್ಲಿ ಸಾರ್ವಜನಿಕ ಅಹವಾಲು ಸಭೆ ಸೇರಿತು. ಈಗ ನಡೆಯುತ್ತಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಅದು ದೊಡ್ಡ ಯೋಜನೆಗಳನ್ನು ಕೇಂದ್ರಕ್ಕೂ ಉಳಿದವನ್ನು ರಾಜ್ಯಮಟ್ಟದ ಪ್ರಾಧಿಕಾರಗಳಿಗೂ ಹಂಚಿತು. 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಗಳೂ ಇದರ ವ್ಯಾಪ್ತಿಗೆ ಬಂದವು.

ಇದನ್ನು ಬದಲಿಸಲು ಕೇಂದ್ರ 2020ರ ಮಾರ್ಚ್‌ನಲ್ಲಿ ಹೊರಡಿಸಿದ ಕರಡು ಲಾಕ್‌ಡೌನಿನ ನಡುವೆ ಬಂತು, ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಬಂತು. ಇಪ್ಪತ್ತೆರಡು ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಿತು. ಕನ್ನಡದಲ್ಲಿ ಪ್ರಕಟಿಸದೆ ಕನ್ನಡಿಗರ ಆಕ್ಷೇಪಣೆ ಕೇಳುವುದು ಹೇಗೆ ಎಂಬ ಅರ್ಜಿ ಕರ್ನಾಟಕ ಹೈಕೋರ್ಟಿಗೂ ಬಂತು. ಆಗಸ್ಟಿನಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕ್ ಅವರ ಪೀಠ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಕೊಟ್ಟಿತು. ಕರಡು ಅಲ್ಲಿಗೇ ನೆನೆಗುದಿಗೆ ಬಿತ್ತು. ಮುಂದಿನ ಬದಲಾವಣೆಗಳು ಹೊಸ ಅಧಿಸೂಚನೆಯಾಗಿ ಬರಲಿಲ್ಲ. ಹಳೆಯದಕ್ಕೆ ತಿದ್ದುಪಡಿ, ಕಚೇರಿ ಜ್ಞಾಪನ ಎಂದು ಬಿಡಿಬಿಡಿಯಾಗಿ ಬಂದವು.

ಆ ಕರಡಿನಲ್ಲಿ ಹೆಚ್ಚು ವಿರೋಧ ಕಂಡ ಅಂಶ ಅನುಮತಿಯಿಲ್ಲದೆ ಶುರುಮಾಡಿದವರಿಗೆ ಆಮೇಲೆ ಅನುಮತಿ ಕೊಡುವುದು. ಅದು ಹೊಸದೇನಲ್ಲ. 2017ರ ಮಾರ್ಚ್ 14ರ ಅಧಿಸೂಚನೆ ಅಂಥವರಿಗೆ ಆರು ತಿಂಗಳ ಕಿಂಡಿ ತೆರೆದಿತ್ತು. 2021ರ ಜುಲೈನ ಕಚೇರಿ ಜ್ಞಾಪನ ಆ ಕಿಂಡಿಯನ್ನು ಕಾಯಂ ಬಾಗಿಲು ಮಾಡಿತು. 2025ರ ಮೇ 16ರಂದು ವನಶಕ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಎರಡನ್ನೂ ರದ್ದುಮಾಡಿತು. ಆವರೆಗೆ ಕೊಟ್ಟಿದ್ದ ಅನುಮತಿಗಳನ್ನು ಮುಟ್ಟಲಿಲ್ಲ. ತೀರ್ಪು ಬರೆದವರು ಅದೇ ಓಕ್ ಅವರು, ನಿವೃತ್ತಿಗೆ ಒಂದು ವಾರ ಮುಂಚೆ. ಆ ತೀರ್ಪು ಉಳಿದದ್ದು ಆರು ತಿಂಗಳು. ನವೆಂಬರ್ 18ರಂದು ಮೂವರ ಪೀಠ ಎರಡು-ಒಂದರ ಬಹುಮತದಿಂದ ಅದನ್ನು ಹಿಂದಕ್ಕೆ ಪಡೆಯಿತು. ಸುಮಾರು 20,000 ಕೋಟಿ ರೂಪಾಯಿಯ ಸಾರ್ವಜನಿಕ ಯೋಜನೆಗಳನ್ನು ಕೆಡವಬೇಕಾದೀತು ಎಂಬುದು ಬಹುಮತದ ಮುಖ್ಯ ಕಾರಣ. ಮೇ ತಿಂಗಳ ಪೀಠದಲ್ಲೂ ಇದ್ದ ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಭಿನ್ನಮತ ಬರೆದರು. ಅರ್ಜಿಗಳನ್ನು ಹೊಸದಾಗಿ ಕೇಳಬೇಕೆಂದು ನ್ಯಾಯಾಲಯ ಹೇಳಿದ್ದರಿಂದ, ಆ ದಿನ ಪ್ರಶ್ನೆ ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಂತಿತು. ಇದರ ನಡುವೆ, ಕೈಗಾರಿಕಾ ಶೆಡ್ಡು ಮತ್ತು ಶಾಲಾ-ಕಾಲೇಜು ಕಟ್ಟಡಗಳಿಗೆ 2025ರ ಜನವರಿಯಲ್ಲಿ ಕೊಟ್ಟಿದ್ದ ವಿನಾಯಿತಿಯನ್ನು ನ್ಯಾಯಾಲಯ ಆಗಸ್ಟಿನಲ್ಲಿ ತೆಗೆದುಹಾಕಿತ್ತು.

ಬಣ್ಣಗಳು

ಮಾಲಿನ್ಯದ ತೂಕ ನೋಡಿ ಉದ್ಯಮಗಳಿಗೆ ಬಣ್ಣ ಹಚ್ಚುವ ಪದ್ಧತಿ ಹಳೆಯದು. ಅದಕ್ಕೆ ನೂರು ಅಂಕಗಳ ಮಾಪಕ ಕೊಟ್ಟದ್ದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2016ರ ಪಟ್ಟಿ: 60 ಮತ್ತು ಮೇಲೆ ಕೆಂಪು, 41ರಿಂದ 59 ಕಿತ್ತಳೆ, 21ರಿಂದ 40 ಹಸಿರು, ಅದಕ್ಕೂ ಕೆಳಗೆ ಬಿಳಿ. ಬಿಳಿ ಪಟ್ಟಿಯವರು ಮಂಡಳಿಗೆ ತಿಳಿಸಿದರೆ ಸಾಕೆಂಬ ಮಾತು ಆಗಲೇ ಇತ್ತು. 2024ರ ನವೆಂಬರಿನ ಅಧಿಸೂಚನೆಗಳು ಅದಕ್ಕೆ ಕಾನೂನಿನ ಬಲ ಕೊಟ್ಟವು, ಪರಿಸರ ಅನುಮತಿ ಪಡೆದವರಿಗೆ ಸ್ಥಾಪನೆಯ ಸಮ್ಮತಿ ಮತ್ತೆ ಬೇಡವೆಂದವು. 2025ರ ಜನವರಿಯ ಹೊಸ ವರ್ಗೀಕರಣದಲ್ಲಿ ಕೆಂಪಿನ ಗೆರೆ 80ಕ್ಕೆ ಏರಿತು. ಕಸ ಸಂಸ್ಕರಣೆಯಂಥ ಅಗತ್ಯ ಪರಿಸರ ಸೇವೆಗಳಿಗೆ ನೀಲಿ ಎಂಬ ಹೊಸ ಬಣ್ಣ ಬಂತು, ಅವುಗಳ ಸಮ್ಮತಿಗೆ ಎರಡು ವರ್ಷ ಹೆಚ್ಚಿನ ಅವಧಿ ಸಿಕ್ಕಿತು.

ಜೈಲಿನಿಂದ ದಂಡಕ್ಕೆ

2023ರ ಜನ ವಿಶ್ವಾಸ ಕಾಯ್ದೆ ಒಂದೇ ಏಟಿಗೆ 42 ಕಾಯ್ದೆಗಳನ್ನು ತಿದ್ದಿತು. ಪರಿಸರ ಸಂರಕ್ಷಣಾ ಕಾಯ್ದೆ ಮತ್ತು ವಾಯು ಕಾಯ್ದೆ ಅವುಗಳಲ್ಲಿ ಸೇರಿದ್ದವು. 2024ರ ಏಪ್ರಿಲ್ 1ರಿಂದ 15ನೇ ಸೆಕ್ಷನ್ನಿನ ಐದು ವರ್ಷದ ಜೈಲು ಹೋಗಿ 10,000ದಿಂದ 15 ಲಕ್ಷ ರೂಪಾಯಿಯವರೆಗಿನ ದಂಡ ಬಂತು. ದಂಡ ಹಾಕುವವರು ನ್ಯಾಯಾಧೀಶರಲ್ಲ, ಸರ್ಕಾರದ ಹಿರಿಯ ಅಧಿಕಾರಿ. ಅವರ ಆದೇಶದ ಮೇಲ್ಮನವಿ ಹಸಿರು ನ್ಯಾಯಮಂಡಳಿಗೆ. ದಂಡ ಕಟ್ಟದೆ ತಪ್ಪಿಸಿಕೊಂಡರೆ ಮಾತ್ರ ಜೈಲಿನ ಮಾತು. 2024ರ ಫೆಬ್ರುವರಿಯಲ್ಲಿ ಸಂಸತ್ತು ಜಲ ಕಾಯ್ದೆಯನ್ನೂ ಹೀಗೇ ತಿದ್ದಿತು. ಆದರೆ 252ನೇ ವಿಧಿಯ ಕಾರಣ ಅದು ಮೊದಲಿಗೆ ಅನ್ವಯಿಸಿದ್ದು ಕೇಳಿಕೊಂಡ ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಉಳಿದ ರಾಜ್ಯಗಳು ತಮ್ಮ ಸದನಗಳಲ್ಲಿ ನಿರ್ಣಯ ಮಾಡಬೇಕಿತ್ತು. ಸಮ್ಮತಿಯಿಲ್ಲದೆ ಘಟಕ ನಡೆಸುವುದಕ್ಕೆ ಮಾತ್ರ ಜಲ ಕಾಯ್ದೆಯಲ್ಲಿ ಜೈಲು ಉಳಿಯಿತು.

ಇದನ್ನು ಸಡಿಲಿಕೆ ಎನ್ನುವವರೂ ಇದ್ದಾರೆ, ಬಿಗಿ ಎನ್ನುವವರೂ ಇದ್ದಾರೆ. ಬಳಕೆಯಾಗದ ಜೈಲಿಗಿಂತ ವಸೂಲಾಗುವ ದಂಡ ಮೇಲು ಎಂಬ ವಾದದಲ್ಲಿ ಹುರುಳಿದೆ. ಆದರೆ ದಿನಕ್ಕೆ ಕೋಟಿಗಟ್ಟಲೆ ವಹಿವಾಟು ನಡೆಸುವ ಕಂಪನಿಗೆ 15 ಲಕ್ಷ ಒಂದು ಖರ್ಚಿನ ಬಾಬತ್ತು ಮಾತ್ರ. ಈ ಕೊರತೆಯನ್ನು ಸ್ವಲ್ಪ ತುಂಬಿದ್ದು 2025ರ ಆಗಸ್ಟ್ 4ರ ಸುಪ್ರೀಂ ಕೋರ್ಟ್ ತೀರ್ಪು: ಆದ ಹಾನಿಯನ್ನು ಸರಿಪಡಿಸುವ ವೆಚ್ಚವನ್ನು ಮಾಲಿನ್ಯ ಮಂಡಳಿಗಳು ತಾವೇ ವಸೂಲು ಮಾಡಬಹುದು, ಅದು ಶಿಕ್ಷೆಯಲ್ಲ, ಪರಿಹಾರ.

ಕಸದ ಹೊಣೆ

ಉತ್ಪಾದಕರ ವಿಸ್ತೃತ ಹೊಣೆಗಾರಿಕೆ ಎಂಬ ಉದ್ದನೆಯ ಹೆಸರಿನ ಪದ್ಧತಿ ಭಾರತದಲ್ಲಿ ಮೊದಲು ಬಂದದ್ದು 2011ರ ಇ-ತ್ಯಾಜ್ಯ ನಿಯಮಗಳಲ್ಲಿ. ಮಾರಿದ ಫ್ರಿಜ್ಜು, ಫೋನು ಹಾಳಾದಾಗ ವಾಪಸು ಪಡೆಯುವುದು ತಯಾರಕನ ಕೆಲಸವಾಯಿತು. ಹತ್ತು ವರ್ಷ ಅದು ಹೆಚ್ಚಾಗಿ ಕಾಗದದಲ್ಲೇ ಉಳಿಯಿತು. ಹಳೆಯ ಕಂಪ್ಯೂಟರುಗಳು ಗುಜರಿಯವನ ತಕ್ಕಡಿಗೇ ಹೋದವು. ದೇಶದ ಮೊದಲ ಅಧಿಕೃತ ಮರುಬಳಕೆ ಘಟಕಗಳಲ್ಲೊಂದು ಬೆಂಗಳೂರಿನ ಬಳಿ ದಾಬಸ್‌ಪೇಟೆಯಲ್ಲಿ ಆರಂಭವಾಗಿದ್ದರೂ ಸಂಗ್ರಹದ ಸರಪಳಿ ಅದರ ಬಾಗಿಲಿಗೆ ಪೂರ್ತಿ ತಲುಪುತ್ತಿರಲಿಲ್ಲ.

2022 ಇದಕ್ಕೆ ಲೆಕ್ಕದ ರೂಪ ಕೊಟ್ಟ ವರ್ಷ. ಫೆಬ್ರುವರಿಯಲ್ಲಿ ಪ್ಲಾಸ್ಟಿಕ್ ಪ್ಯಾಕಿಂಗ್, ಜುಲೈನಲ್ಲಿ ಟಯರು, ಆಗಸ್ಟಿನಲ್ಲಿ ಬ್ಯಾಟರಿ, ನವೆಂಬರಿನಲ್ಲಿ ಇ-ತ್ಯಾಜ್ಯದ ಹೊಸ ನಿಯಮಗಳು ಬಂದವು. ಮರುಬಳಕೆದಾರ ಇಷ್ಟು ಕಿಲೋ ಸಂಸ್ಕರಿಸಿದೆನೆಂದು ಕೇಂದ್ರ ಮಂಡಳಿಯ ಪೋರ್ಟಲ್ಲಿನಲ್ಲಿ ಪ್ರಮಾಣಪತ್ರ ಗಳಿಸುತ್ತಾನೆ. ತಯಾರಕ ತನ್ನ ಗುರಿಗೆ ಬೇಕಾದಷ್ಟನ್ನು ಕೊಳ್ಳುತ್ತಾನೆ. ಇ-ತ್ಯಾಜ್ಯದಲ್ಲಿ ಆ ಗುರಿ ಶೇಕಡ 60ರಿಂದ ಶುರುವಾಗಿ 2027-28ಕ್ಕೆ 80ಕ್ಕೆ ಏರುತ್ತದೆ. ಪ್ರಮಾಣಪತ್ರಕ್ಕೆ ಸರ್ಕಾರ ಕನಿಷ್ಠ ದರ ಕಟ್ಟಿದಾಗ ಕೆಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ಪ್ಲಾಸ್ಟಿಕ್ಕಿನಲ್ಲಿ ಈ ಬದಲಾವಣೆ ಅಡುಗೆಮನೆಯವರೆಗೂ ಕಾಣುತ್ತದೆ: ಬಿಸ್ಕತ್ತಿನ ಪೊಟ್ಟಣದ ಹಿಂಬದಿಯ ಚಿಕ್ಕ ಅಕ್ಷರಗಳಲ್ಲಿ ನೋಂದಣಿ ಸಂಖ್ಯೆ ಇರುತ್ತದೆ, 2025ರ ಜುಲೈನಿಂದ ಈ ವಿವರವನ್ನು ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಮೂಲಕವೂ ಕೊಡಬಹುದು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ಚಮಚಗಳ ಮೇಲೆ 2022ರ ಜುಲೈ 1ರಿಂದ ದೇಶವ್ಯಾಪಿ ನಿಷೇಧ ಬಂತು. ಕರ್ನಾಟಕ ಪ್ಲಾಸ್ಟಿಕ್ ಕೈಚೀಲ, ಬ್ಯಾನರು, ತಟ್ಟೆಗಳನ್ನು 2016ರ ಮಾರ್ಚ್‌ನಲ್ಲೇ ನಿಷೇಧಿಸಿತ್ತು. ಸಂತೆಯಲ್ಲಿ ಅದು ಎಷ್ಟು ನಡೆಯಿತೆಂಬುದು ಸೊಪ್ಪು ಕೊಳ್ಳುವವರಿಗೆ ಗೊತ್ತು.

ಲೆಕ್ಕಪತ್ರ ಮತ್ತು ತಪಾಸಣೆ

ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ಅಗ್ರ 1,000 ಕಂಪನಿಗಳಿಗೆ ಪರಿಸರ-ಸಾಮಾಜಿಕ ವರದಿಯನ್ನು ಕಡ್ಡಾಯ ಮಾಡಿತು. ಕೇಂದ್ರ ಸರ್ಕಾರದ 2024ರ ಅಕ್ಟೋಬರಿನ ಮಾರ್ಗಸೂಚಿ ಜಾಹೀರಾತಿನಲ್ಲಿ ಆಧಾರವಿಲ್ಲದೆ ‘ಪರಿಸರಸ್ನೇಹಿ’ ಎಂದು ಹೇಳಿಕೊಳ್ಳುವುದನ್ನು ತಡೆಯಿತು.

ಇವೆಲ್ಲಕ್ಕಿಂತ ಕುತೂಹಲದ್ದು 2025ರ ಆಗಸ್ಟಿನ ಪರಿಸರ ಲೆಕ್ಕಪರಿಶೋಧನಾ ನಿಯಮಗಳು. ಮಂಡಳಿಗಳಲ್ಲಿ ಸಿಬ್ಬಂದಿ ಸಾಲದು. ಆದ್ದರಿಂದ ನೋಂದಾಯಿತ ಖಾಸಗಿ ಪರಿಶೋಧಕರೂ ಘಟಕಗಳನ್ನು ತಪಾಸಣೆ ಮಾಡಬಹುದು. ಯಾರಿಗೆ ಯಾವ ಘಟಕ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗಬೇಕು. ಈ ಷರತ್ತಿನ ಹಿಂದೆ ಗುಜರಾತಿನ ಪಾಠವಿದೆ. ಅಲ್ಲಿ ಹೈಕೋರ್ಟಿನ ಆದೇಶದಂತೆ 1996ರಿಂದ ಖಾಸಗಿ ತಪಾಸಣೆ ನಡೆಯುತ್ತಿತ್ತು. ಪರಿಶೋಧಕನನ್ನು ಆರಿಸಿ ಸಂಬಳ ಕೊಡುವವನು ಕಾರ್ಖಾನೆಯ ಮಾಲೀಕನೇ. ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಹಮದಾಬಾದ್, ಸೂರತ್ ಸುತ್ತಿನ ಕಾರ್ಖಾನೆಗಳಲ್ಲಿ 2009ರಿಂದ ನಡೆಸಿದ ಪ್ರಯೋಗದಲ್ಲಿ, ಹಳೆಯ ಕ್ರಮದ ವರದಿಗಳಲ್ಲಿ ಹೊಗೆಯ ಕಣಗಳ ಅಂಕಿ ಮಿತಿಯಾದ 150ಕ್ಕೆ ಕೂದಲೆಳೆಯಷ್ಟು ಕೆಳಗೆ ಗುಂಪುಗೂಡುತ್ತಿತ್ತು. ಪರಿಶೋಧಕರನ್ನು ಚೀಟಿಯಿಂದ ಆರಿಸಿ, ಸಂಬಳ ಸಾಮಾನ್ಯ ನಿಧಿಯಿಂದ ಕೊಟ್ಟು, ಕೆಲವು ಅಳತೆಗಳನ್ನು ಮತ್ತೆ ಅಳೆದು ನೋಡಿದಾಗ ವರದಿಗಳು ನಿಜಕ್ಕೆ ಹತ್ತಿರ ಬಂದವು, ಕಾರ್ಖಾನೆಗಳ ಮಾಲಿನ್ಯವೂ ಇಳಿಯಿತು. 2025ರ ನಿಯಮಗಳು ಈ ಪ್ರಯೋಗದಿಂದ ಚೀಟಿಯನ್ನು ಎತ್ತಿಕೊಂಡಿವೆ.