ವೈಮಾನಿಕ ಶಾಸ್ತ್ರ

ಆಕಾಶಯಾನಗಳ ರಚನೆಯನ್ನು ವಿವರಿಸುವ ಸಂಸ್ಕೃತ ಗ್ರಂಥ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಇದನ್ನು ಹೇಳಿ ಬರೆಸಿದರು. ಬರೆದುಕೊಂಡವರು ವೆಂಕಟಾಚಲ ಶರ್ಮ. ಮೂಲಕರ್ತೃ ಭರದ್ವಾಜ ಮಹರ್ಷಿಯೆಂಬುದು ಶಾಸ್ತ್ರಿಗಳ ನಂಬಿಕೆ. 1973ರಲ್ಲಿ ಮೈಸೂರಿನ ಜಿ.ಆರ್. ಜೋಸಿಯರ್ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು.

ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವಿವರ ಇದರಲ್ಲಿದೆ. ಟಿ.ಕೆ. ಎಲ್ಲಪ್ಪ ಬರೆದ ನಕ್ಷೆಗಳೇ ಕೃತಿಯ ನಿಜವಾದ ಆಕರ್ಷಣೆ. ಶಕುನಕ್ಕೆ ಹಕ್ಕಿಯಂತೆ ರೆಕ್ಕೆ, ಬಾಲಗಳಿವೆ. ರುಕ್ಮದಲ್ಲಿ ಮೇಲಿರುವ ಫ್ಯಾನುಗಳು ಗಾಳಿಯನ್ನು ಸೆಳೆದು ಉದ್ದನೆಯ ಕೊಳವೆಗಳ ಮೂಲಕ ಕೆಳಕ್ಕೆ ತಳ್ಳಿ ಯಾನವನ್ನು ಎತ್ತಬೇಕು. ತ್ರಿಪುರ ನೆಲ, ನೀರು, ಬಾನು ಮೂರರಲ್ಲೂ ಸಂಚರಿಸುವಂಥದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು 1974ರಲ್ಲಿ ಪ್ರಕಟಿಸಿದ ವಿಮರ್ಶೆ ಈ ಬಗೆಗಿನ ಚರ್ಚೆಗೆ ಗಟ್ಟಿ ಬುನಾದಿ ಹಾಕಿತು. ಗ್ರಂಥ 1904ಕ್ಕಿಂತ ಹಿಂದಿನದಲ್ಲ, ಅದರ ಯಾನಗಳು ಹಾರಲಾರವು ಎಂದು ಅವರು ತೋರಿಸಿದರು. ರುಕ್ಮದ ಕಲ್ಪನೆಯಲ್ಲಿ ಮಾತ್ರ ಒಂದಿಷ್ಟು ಅರ್ಥವಿದೆ ಎಂದರು.

ವಿಜ್ಞಾನವಾಗಿ ಸೋತ ಈ ಕೃತಿ ಕಲ್ಪನೆಯಾಗಿ ಶ್ರೀಮಂತವಾದುದು. ಅದನ್ನು ಹಾಗೆ ಓದುವುದೇ ಸರಿ. ಆವಿಯಂತ್ರಗಳ ಕಾಲದ ಕನಸಿನ ಯಾನಗಳನ್ನು ಕಟ್ಟುವ ಸ್ಟೀಮ್‌ಪಂಕ್ ಕಾದಂಬರಿಗಳಿಗೆ ಕನ್ನಡ ನೆಲದಲ್ಲಿ ಇದಕ್ಕಿಂತ ಹತ್ತಿರದ ನಂಟ ಸಿಗುವುದು ಕಷ್ಟ. ಆ ಪ್ರಕಾರಕ್ಕೆ ಅಮೆರಿಕದ ಲೇಖಕ ಕೆ.ಡಬ್ಲ್ಯೂ. ಜೀಟರ್ ಹೆಸರಿಟ್ಟದ್ದು 1987ರಲ್ಲಿ. ಅದರ ಪೂರ್ವಸೂರಿ ಜೂಲ್ಸ್ ವರ್ನ್, ಹಾರುವ ಹಡಗಿನ ಕಾದಂಬರಿಯನ್ನು 1886ರಲ್ಲೇ ಬರೆದಿದ್ದ.