ಪರಸ್ಥಳದ ಪಂಡಿತನೂ ಬಾಡಿಗೆಯ ಮನೆಯೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಕಟ್ಟುವ ಶಕ್ತಿಯಿಲ್ಲದೆ ಬಾಡಿಗೆಯ ಮನೆಯಲ್ಲೇ ಕಾಲ ಹಾಕುವವರ ಪಾಡನ್ನು ಅವರು ಗಾದೆಗೆ ಸೇರಿಸಿದಂತಿಲ್ಲ. ಬೆಂಗಳೂರು ಮೈಸೂರುಗಳಲ್ಲಿ ಮನೆಗಾಗಿ ಬೀದಿ ಸುತ್ತಿದವರಿಗೆಲ್ಲ ಒಂದು ಅನುಭವವುಂಟು. ಗೇಟಿಗೆ ತೂಗುಹಾಕಿದ ಹಲಗೆಯ ಮೇಲೆ 'ಸಂಸಾರಸ್ಥರಿಗೆ ಮಾತ್ರ' ಎಂದಿರುತ್ತದೆ. ಒಂಟಿ ಹುಡುಗನನ್ನು ಮನೆಯೊಡೆಯರು ಮೆಟ್ಟಿಲ ಬಳಿಯಿಂದಲೇ ಹಿಂದಕ್ಕೆ ಕಳುಹಿಸುತ್ತಾರೆ. ಅದೇ ಹುಡುಗ ಓದಿ ವಿದ್ವಾಂಸನಾಗಿ, ಮದುವೆಯಾಗಿ, ಎರಡು ಮಕ್ಕಳ ತಂದೆಯಾಗಿ, ಇಂಗ್ಲೆಂಡಿನ ಒಂದು ವಿಶ್ವವಿದ್ಯಾನಿಲಯಕ್ಕೆ ಕೆಲಸದ ಮೇಲೆ ಹೊರಟನೆನ್ನಿ. ಲೆಕ್ಕ ಅಲ್ಲಿ ತಲೆಕೆಳಗಾಗುತ್ತದೆ. ಒಂಟಿಯಾಗಿ ಹೋದರೆ ಹೇಗೋ ಒಂದು ಕೋಣೆ ದೊರೆಯುತ್ತದೆ. ಸಂಸಾರ ಸಮೇತ ಹೋದವನಿಗೆ ತಲೆಯ ಮೇಲೆ ಸೂರು ಹೊಂದಿಸುವುದೇ ದೊಡ್ಡ ಸಾಹಸ.

ನನ್ನ ಪರಿಚಯದ ತರುಣ ಅಧ್ಯಾಪಕರೊಬ್ಬರಿಗೆ ಕೆಲವು ವರ್ಷಗಳ ಹಿಂದೆ ಹೀಗೇ ಆಯಿತು. ಎರಡು ವರ್ಷದ ಸಂಶೋಧನೆಯ ಹುದ್ದೆ. ನೇಮಕದ ಪತ್ರದಲ್ಲಿ ಸಂಬಳವಿತ್ತು, ರಜೆಯ ನಿಯಮವಿತ್ತು, ಪ್ರಯೋಗಾಲಯದ ವಿವರವಿತ್ತು. ಮನೆಯ ಮಾತು ಇರಲಿಲ್ಲ. ಬಾಡಿಗೆಗೆ ಕೊಡುವವರು ಆರು ತಿಂಗಳ ಬಾಡಿಗೆಯನ್ನು ಮೊದಲೇ ಎಣಿಸೆಂದರು, ಆ ದೇಶದವರೇ ಒಬ್ಬರು ಜಾಮೀನು ನಿಲ್ಲಬೇಕೆಂದರು. ಊರಿಗೆ ಹೊಸಬರಾದವರಿಗೆ ಜಾಮೀನು ನಿಲ್ಲುವವರು ಯಾರು? ಅವರು ಒಬ್ಬರೇ ಹೋದರು. ಹೆಂಡತಿ ಮಕ್ಕಳು ಎಂಟು ತಿಂಗಳು ಶಿವಮೊಗ್ಗದಲ್ಲಿ ಉಳಿದರು. ಈ ಸಂಗತಿ ಕೇಳಿದ ಮೇಲೆ, ಇದು ಇಂದಿನ ತೊಂದರೆಯೋ ಹಿಂದೆಯೂ ಇತ್ತೋ ಎಂದು ತಿಳಿಯುವ ಕುತೂಹಲ ನನಗೆ ಹುಟ್ಟಿತು. ನೋಡಿದರೆ, ಇದು ವಿಶ್ವವಿದ್ಯಾನಿಲಯಗಳಷ್ಟೇ ಹಳೆಯದು. ಎಂಟು ನೂರು ವರ್ಷ ದಾಟಿದ ವ್ಯಾಜ್ಯ.

ಯೂರೋಪಿನ ಮೊದಲ ವಿಶ್ವವಿದ್ಯಾನಿಲಯಗಳಿಗೆ ಸ್ವಂತ ಕಟ್ಟಡಗಳೆಂಬುವು ಇರಲಿಲ್ಲ. ಬೊಲೋನ್ಯಾ, ಪ್ಯಾರಿಸ್, ಆಕ್ಸ್‌ಫರ್ಡ್ ಎಲ್ಲ ಕಡೆಯೂ ಗುರುಗಳೂ ಶಿಷ್ಯರೂ ಊರವರ ಮನೆಗಳನ್ನು ಬಾಡಿಗೆಗೆ ಹಿಡಿದು ಪಾಠ ನಡೆಸಿದರು. ಅವರಲ್ಲಿ ಬಹುಮಂದಿ ಪರಸ್ಥಳದವರು. ಊರವರಿಗೆ ಇದು ಸುಗ್ಗಿಯ ಕಾಲ. ಬಾಡಿಗೆ ಮನಸ್ಸು ಬಂದಷ್ಟು ಏರಿತು. ೧೨೦೯ರಲ್ಲಿ ಆಕ್ಸ್‌ಫರ್ಡಿನಲ್ಲಿ ಒಬ್ಬ ಹೆಂಗಸಿನ ಕೊಲೆಯಾಯಿತು. ಊರಿನ ಅಧಿಕಾರಿಗಳು, ಆ ಕೊಲೆಗೆ ಸಂಬಂಧಿಸಿದಂತೆ ವಿದ್ಯಾರ್ಥಿಗಳನ್ನು ಹಿಡಿದು ಗಲ್ಲಿಗೇರಿಸಿದರು. ಗುರುಶಿಷ್ಯರೆಲ್ಲ ಊರು ಬಿಟ್ಟರು. ಅವರಲ್ಲಿ ಕೆಲವರು ಸೇರಿದ ಸ್ಥಳವೇ ಕೇಂಬ್ರಿಜ್. ಐದು ವರ್ಷದ ಮೇಲೆ, ೧೨೧೪ರಲ್ಲಿ, ಪೋಪರ ಪ್ರತಿನಿಧಿ ನಿಕೊಲಸ್ ಎಂಬಾತ ರಾಜಿ ಮಾಡಿಸಿದ. ಆ ರಾಜಿಯಲ್ಲಿ ಊರವರಿಗೆ ವಿಧಿಸಿದ ಶಿಕ್ಷೆ ಬಹು ಸ್ವಾರಸ್ಯವಾದದ್ದು. ವಿದ್ಯಾರ್ಥಿಗಳ ಬಿಡಾರಗಳ ಬಾಡಿಗೆಯನ್ನು ಹತ್ತು ವರ್ಷ ಅರ್ಧಕ್ಕೆ ಇಳಿಸತಕ್ಕದ್ದು. ಅನಂತರದ ಹತ್ತು ವರ್ಷ ಹಿಂದೆ ಗೊತ್ತುಮಾಡಿದ್ದ ದರಕ್ಕೆ ಮೀರಕೂಡದು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಅತಿ ಪ್ರಾಚೀನ ದಾಖಲೆಗಳಲ್ಲಿ ಒಂದಾದ ಈ ಪತ್ರ, ಮುಖ್ಯವಾಗಿ ಒಂದು ಬಾಡಿಗೆಯ ಕರಾರು!

೧೨೩೧ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಹೆನ್ರಿ ಕೇಂಬ್ರಿಜಿಗೂ ಇಂಥ ವ್ಯವಸ್ಥೆ ಮಾಡಿದ. ಇಬ್ಬರು ಗುರುಗಳು, ಇಬ್ಬರು ಊರ ಪ್ರಮುಖರು ಕೂಡಿ ಬಾಡಿಗೆ ಗೊತ್ತುಮಾಡಬೇಕು. ಹಾಗಲ್ಲದೆ ಹೋದರೆ ವಿದ್ಯಾರ್ಥಿಗಳು ಊರು ಬಿಟ್ಟಾರು ಎಂಬ ಭಯ ದೊರೆಗೆ. ಅದೇ ವರ್ಷ ಒಂಬತ್ತನೆಯ ಗ್ರೆಗೊರಿ ಪೋಪರು ಪ್ಯಾರಿಸಿಗೆ ಕೊಟ್ಟ ಸನ್ನದಿನಲ್ಲಿ, ಬಿಡಾರಗಳ ಬಾಡಿಗೆಯನ್ನು ನ್ಯಾಯವಾಗಿ ನಿಗದಿ ಮಾಡುವ ಹಕ್ಕಿಗೆ ಅಡ್ಡಿ ಬಂದರೆ ಗುರುಗಳು ಪಾಠ ನಿಲ್ಲಿಸಬಹುದೆಂದು ಅಪ್ಪಣೆಯಾಯಿತು. ಆ ಕಾಲದ ಪಂಡಿತರ ಕೈಯಲ್ಲಿದ್ದ ಆಯುಧ ಒಂದೇ: ಗಂಟು ಕಟ್ಟಿ ಹೊರಡುವುದು. ಬೊಲೋನ್ಯಾ ಬಿಟ್ಟು ಹೋದವರು ೧೨೨೨ರಲ್ಲಿ ಪಾದುವಾ ವಿಶ್ವವಿದ್ಯಾನಿಲಯವನ್ನು ಕಟ್ಟಿದ್ದು ಎಲ್ಲರ ಕಣ್ಣಮುಂದಿತ್ತು. ಸ್ವಂತ ಕಟ್ಟಡವಿಲ್ಲದ್ದೇ ಅವರಿಗೆ ಬಲ.

ಕಾಲಕ್ರಮದಲ್ಲಿ ವಿಶ್ವವಿದ್ಯಾನಿಲಯಗಳು ಕಾಲೇಜುಗಳನ್ನು ಕಟ್ಟಿದವು. ಕಲ್ಲಿನ ಕಟ್ಟಡ, ಊಟದ ಶಾಲೆ, ಪ್ರಾರ್ಥನಾ ಮಂದಿರ, ಸಾಲುಸಾಲು ಕೋಣೆಗಳು. ಪರಸ್ಥಳದವನಿಗೆ ವಸತಿ ಸಿಕ್ಕಿತು, ಆದರೆ ಒಂಟಿಯಾಗಿರುವ ತನಕ ಮಾತ್ರ. ಆ ಕಟ್ಟಡಗಳ ಮಾದರಿ ನಮ್ಮ ಮಠಗಳ ಮಾದರಿಯೇ. ಬ್ರಹ್ಮಚಾರಿಗೆ ಅಲ್ಲಿ ಸ್ಥಳ, ಗೃಹಸ್ಥನಿಗೆ ಇಲ್ಲ. ಆಕ್ಸ್‌ಫರ್ಡ್ ಕೇಂಬ್ರಿಜುಗಳಲ್ಲಿ ಫೆಲೋ ಆದವನು ಮದುವೆಯಾದರೆ ಸಾಮಾನ್ಯವಾಗಿ ಆ ಸ್ಥಾನವನ್ನೇ ಕಳೆದುಕೊಳ್ಳುತ್ತಿದ್ದ. ಈ ನಿಯಮ ಶತಮಾನಗಳ ಕಾಲ ನಡೆಯಿತು. ೧೮೭೭ರ ಕಾಯ್ದೆಯೂ ಅದರಂತೆ ೧೮೮೨ರಲ್ಲಿ ಬಂದ ಹೊಸ ನಿಬಂಧನೆಗಳೂ ಇದನ್ನು ಬಹುಮಟ್ಟಿಗೆ ಕೊನೆಗಾಣಿಸಿದವು. ಪಂಡಿತನಿಗೆ ಹೆಂಡತಿ ಇರಬಹುದು ಎಂದು ಒಪ್ಪಿದರು. ಆದರೆ ಅವಳು ಎಲ್ಲಿರಬೇಕು ಎಂಬುದನ್ನು ಅವನ ಜೇಬಿಗೆ ಬಿಟ್ಟರು. ನಾನು ಹೇಳಬೇಕೆಂದಿರುವ ಮಾತಿನ ಬೇರು ಇಲ್ಲಿದೆ. ವಿದ್ವತ್ತನ್ನು ಬರಮಾಡಿಕೊಳ್ಳುವ ಬಾಗಿಲು ಮೊದಲು ತೆರೆಯಿತು. ವಿದ್ವಾಂಸನ ಸಂಸಾರಕ್ಕೆ ಬಾಗಿಲು ಎಲ್ಲಕ್ಕಿಂತ ಕೊನೆಗೆ ತೆರೆಯಿತು.

ನಮ್ಮ ದೇಶದವರು ಇಂಗ್ಲೆಂಡಿಗೆ ಓದಲು ಹೋಗತೊಡಗಿದ ಮೇಲೆ, ೧೯೧೦ರಲ್ಲಿ, ಲಂಡನ್ನಿನ ಕ್ರಾಮ್‌ವೆಲ್ ರಸ್ತೆಯ ೨೧ನೆಯ ನಂಬರಿನ ಮನೆಯಲ್ಲಿ ಭಾರತೀಯ ವಿದ್ಯಾರ್ಥಿಗಳಿಗೆ ಒಂದು ಆಶ್ರಯ ಏರ್ಪಟ್ಟಿತು. ಇಳಿದುಕೊಳ್ಳಲು ಸ್ಥಳವೇನೋ ಹೌದು. ಆದರೆ ಸರ್ಕಾರದ ಕಣ್ಣು ತಮ್ಮ ಮೇಲಿರಲೆಂದೇ ಅದನ್ನು ಮಾಡಿದ್ದಾರೆ ಎಂದು ಅನೇಕ ಹುಡುಗರು ಸಂಶಯಪಟ್ಟರು. ೧೯೧೪ರ ಏಪ್ರಿಲಿನಲ್ಲಿ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಹಡಗಿಳಿದಾಗ ಮೊದಲು ತಂಗಿದ್ದು ಈ ಮನೆಯಲ್ಲಿಯೇ. ಅಲ್ಲಿಂದ ಕೇಂಬ್ರಿಜಿಗೆ ಹೋಗಿ, ನೆವಿಲ್ ಎಂಬ ಗಣಿತದ ಅಧ್ಯಾಪಕರ ಮನೆಯಲ್ಲಿ ಕೆಲವು ವಾರಗಳಿದ್ದು, ಅನಂತರ ಟ್ರಿನಿಟಿ ಕಾಲೇಜಿನ ಕೋಣೆಗೆ ಬಿಡಾರ ಬದಲಿಸಿದರು. ಹೆಂಡತಿ ಜಾನಕಿ ಊರಿನಲ್ಲೇ ಉಳಿದರು. ಅದಕ್ಕೆ ಮನೆತನದ ಕಟ್ಟುಪಾಡುಗಳೂ ಕಾರಣವಾಗಿದ್ದುವು. ಆದರೆ ಕಾಲೇಜಿನ ಕೋಣೆಯಲ್ಲಿ ಒಬ್ಬ ಸಂಸಾರಿಗೆ ಸ್ಥಳವಿರಲಿಲ್ಲ ಎಂಬುದೂ ಸತ್ಯವೇ. ಯುದ್ಧದ ಬರಗಾಲದಲ್ಲಿ ಸಸ್ಯಾಹಾರವನ್ನು ತಾವೇ ಬೇಯಿಸಿಕೊಂಡು, ೧೯೧೭ರಲ್ಲಿ ಕಾಯಿಲೆ ಬಿದ್ದು, ೧೯೧೯ರಲ್ಲಿ ಹಿಂದಿರುಗಿ, ಮರುವರ್ಷ ತೀರಿಕೊಂಡ ಆ ಮಹನೀಯರ ಕತೆ ಯಾರಿಗೆ ತಿಳಿಯದು? ಒಂದು ಮನೆಯೂ ಮನೆಯ ಊಟವೂ ಇದ್ದಿದ್ದರೆ ಎಂದು ಮನಸ್ಸು ಕೇಳದೆ ಇರದು.

'ಈತನಿಗೆ ಮದುವೆಯಾಗಿದೆಯೋ?' ಎಂದು ಕೇಳಿ, ಅದಕ್ಕೆ ಹಣದಲ್ಲಿ ಉತ್ತರ ಕೊಟ್ಟವರೂ ಉಂಟು. ೧೯೩೩ರಲ್ಲಿ ಹಿಟ್ಲರನ ಸರ್ಕಾರ ಯೆಹೂದಿ ಪ್ರಾಧ್ಯಾಪಕರನ್ನು ಹೊರದೂಡಿದಾಗ ಇಂಗ್ಲೆಂಡಿನಲ್ಲಿ ವಿದ್ವಾಂಸರ ಸಹಾಯಕ್ಕೆಂದು ಒಂದು ಮಂಡಳಿ ಹುಟ್ಟಿತು. ಅದು ನಿರಾಶ್ರಿತ ಪಂಡಿತನಿಗೆ ಕೊಡುತ್ತಿದ್ದ ವಾರ್ಷಿಕ ವೇತನ ಒಂಟಿಯಾದವನಿಗೆ ೧೮೦ ಪೌಂಡು, ಸಂಸಾರಸ್ಥನಿಗೆ ೨೫೦ ಪೌಂಡು. ಹೆಚ್ಚಿನ ಆ ೭೦ ಪೌಂಡಿನಲ್ಲಿ ಅಡಗಿರುವ ವಿವೇಕವನ್ನು ನಾನು ಬಹಳ ಮೆಚ್ಚುತ್ತೇನೆ. ಹೀಗೆ ಜರ್ಮನಿ ಬಿಟ್ಟ ಭೌತವಿಜ್ಞಾನಿಗಳಲ್ಲಿ ಮ್ಯಾಕ್ಸ್ ಬಾರ್ನ್ ಒಬ್ಬರು. ಕೇಂಬ್ರಿಜಿನಲ್ಲಿ ತಾತ್ಕಾಲಿಕವಾಗಿದ್ದ ಅವರನ್ನು ಸಿ. ವಿ. ರಾಮನ್ನರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಕರೆಸಿದರು. ೧೯೩೫-೩೬ರಲ್ಲಿ ಬಾರ್ನ್ ದಂಪತಿಗಳು ಸುಮಾರು ಆರು ತಿಂಗಳು ನಮ್ಮ ಊರಿನಲ್ಲಿದ್ದರು. ಅವರನ್ನು ಇಲ್ಲಿಯೇ ಕಾಯಂ ಆಗಿ ಉಳಿಸಿಕೊಳ್ಳಬೇಕೆಂಬ ರಾಮನ್ನರ ಆಸೆ ಕೈಗೂಡಲಿಲ್ಲ. ಬಾರ್ನ್ ೧೯೩೬ರಲ್ಲಿ ಎಡಿನ್‌ಬರೋಗೆ ಹೋದರು.

ಸಂಸಾರಸ್ಥನಿಗೆಂದೇ ವಿಶ್ವವಿದ್ಯಾನಿಲಯಗಳು ದೊಡ್ಡ ಪ್ರಮಾಣದಲ್ಲಿ ಮನೆ ಕಟ್ಟಿದ್ದು ಧರ್ಮಬುದ್ಧಿಯಿಂದಲ್ಲ, ಮಹಾಯುದ್ಧದಿಂದ. ೧೯೪೪ರ ಜೂನಿನಲ್ಲಿ ಅಮೆರಿಕದ ಸರ್ಕಾರ, ಯುದ್ಧದಿಂದ ಮರಳುವ ಯೋಧರ ಓದಿನ ಖರ್ಚನ್ನು ಹೊರುವ ಕಾಯ್ದೆ ಮಾಡಿತು. ೧೯೪೭ರ ಹೊತ್ತಿಗೆ ಅಲ್ಲಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಮೆ ಅರ್ಧ ಜನ ಮಾಜಿ ಯೋಧರು. ಅನೇಕರಿಗೆ ಹೆಂಡತಿಯಿದ್ದಳು, ತೊಟ್ಟಿಲಲ್ಲಿ ಕೂಸಿತ್ತು. ಯುದ್ಧದಲ್ಲಿ ಗೆದ್ದು ಬಂದವನಿಗೆ 'ಒಂಟಿಯಾಗಿ ಬಾ' ಎಂದು ಹೇಳುವ ಧೈರ್ಯ ಯಾರಿಗಿದೆ? ಸೈನ್ಯದ ತಗಡಿನ ಗುಡಾರಗಳು, ಬ್ಯಾರಕ್ಕುಗಳು, ಹಲಗೆಯ ಮನೆಗಳು ವಿದ್ಯಾಲಯಗಳ ಬಯಲಿನಲ್ಲಿ ಎದ್ದವು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯ ತನ್ನ ಪೋಲೋ ಮೈದಾನದಲ್ಲಿ ಇಂಥ ಮನೆಗಳನ್ನು ತಾತ್ಕಾಲಿಕವೆಂದು ಕಟ್ಟಿಸಿತು. ಆ ತಾತ್ಕಾಲಿಕ ಮನೆಗಳಲ್ಲಿ ಸುಮಾರು ಎಪ್ಪತ್ತು ವರ್ಷ ಸಂಸಾರಗಳು ನಡೆದವು! ಅದೇ ಊರಿನಲ್ಲಿ, ಐನ್‌ಸ್ಟೈನರಿದ್ದ ಉನ್ನತ ಅಧ್ಯಯನ ಸಂಸ್ಥೆಯವರದು ಇನ್ನೂ ಚಮತ್ಕಾರದ ಕೆಲಸ. ೧೯೪೬ರಲ್ಲಿ ಅವರು ನ್ಯೂಯಾರ್ಕ್ ಸಂಸ್ಥಾನದ ಮೈನ್‌ವಿಲ್ ಎಂಬ ಗಣಿಯೂರಿನ ಮರದ ಮನೆಗಳನ್ನು ಕೊಂಡು, ಕಳಚಿ, ರೈಲಿನಲ್ಲಿ ಸಾಗಿಸಿ, ಪ್ರಿನ್ಸ್‌ಟನ್ನಿನಲ್ಲಿ ಮತ್ತೆ ಜೋಡಿಸಿದರು. ನಾನಾ ಕಡೆಗಳಿಂದ ಬಂದ ಪಂಡಿತರು ಗಣಿ ಕೂಲಿಗಳ ಮನೆಗಳಲ್ಲಿ ಸಂಸಾರ ಹೂಡಿದರು. ಯಾರ ವಿದ್ವತ್ತಿಗೂ ಅದರಿಂದ ಕುಂದುಂಟಾಗಲಿಲ್ಲ.

ವಿದ್ಯಾಲಯ ಹೀಗೆ ಕೈಹಿಡಿಯದ ಕಡೆ, ಊರ ಮನೆಯೊಡೆಯರ ಮರ್ಜಿಯೇ ಕಾಯ್ದೆಯಾಯಿತು. ಬಿಳಿಯರಲ್ಲದವರಿಗೆ ಮನೆ ಕೊಡುವುದಿಲ್ಲವೆಂದು ಇಂಗ್ಲೆಂಡಿನ ಕಿಟಕಿಗಳಲ್ಲಿ ಚೀಟಿ ಅಂಟಿಸುವುದು ೧೯೬೦ರ ದಶಕದಲ್ಲಿಯೂ ಅಪರಾಧವಾಗಿರಲಿಲ್ಲ. ಯು. ಆರ್. ಅನಂತಮೂರ್ತಿಯವರು ೧೯೬೩ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋಗಿ ೧೯೬೬ರಲ್ಲಿ ಡಾಕ್ಟರೇಟ್ ಪಡೆದರು. 'ಸಂಸ್ಕಾರ' ಪ್ರಕಟವಾದ ೧೯೬೫ರಲ್ಲಿ ಅವರಿದ್ದದ್ದು ಆ ನಗರದಲ್ಲಿ. ಅಗ್ರಹಾರದ ಮಡಿಯನ್ನು ಒರೆಗೆ ಹಚ್ಚಿದ ಕಾದಂಬರಿ ಅದೆಂದು ಕನ್ನಡಿಗರೆಲ್ಲ ಬಲ್ಲರು. ಅದೇ ಕಾಲಕ್ಕೆ ಆ ನಗರಕ್ಕೆ ತಗುಲಿದಂತಿರುವ ಸ್ಮೆಥಿಕ್ ಎಂಬಲ್ಲಿ ಬೇರೊಂದು ಮಡಿ ನಡೆಯುತ್ತಿತ್ತು. ಮಾರ್ಷಲ್ ಬೀದಿಯಲ್ಲಿ ತೆರವಾಗುವ ಮನೆಗಳನ್ನು ಪುರಸಭೆಯೇ ಕೊಂಡು ಬಿಳಿಯರಿಗೆ ಮಾತ್ರ ಬಾಡಿಗೆಗೆ ಕೊಡಬೇಕೆಂದು ಹವಣಿಸಿತ್ತು. ಸರ್ಕಾರ ಅದಕ್ಕೆ ಒಪ್ಪಲಿಲ್ಲ. ಅಮೆರಿಕದ ನೀಗ್ರೋ ಮುಂದಾಳು ಮ್ಯಾಲ್ಕಮ್ ಎಕ್ಸ್ ೧೯೬೫ರ ಫೆಬ್ರವರಿಯಲ್ಲಿ ಆ ಬೀದಿಯನ್ನು ಕಣ್ಣಾರೆ ಕಂಡುಹೋದ. ಆ ವರ್ಷ ಬ್ರಿಟನ್ನಿನಲ್ಲಿ ವರ್ಣಭೇದದ ವಿರುದ್ಧ ಕಾಯ್ದೆಯೊಂದು ಬಂತು; ಆದರೆ ಬಾಡಿಗೆ ಮನೆಯನ್ನು ಅದು ಮುಟ್ಟಲಿಲ್ಲ. ಮುಟ್ಟಿದ್ದು ೧೯೬೮ರ ಕಾಯ್ದೆ. ಅಮೆರಿಕದಲ್ಲಿಯೂ ೧೯೬೮ರಲ್ಲಿಯೇ, ಮಾರ್ಟಿನ್ ಲೂಥರ್ ಕಿಂಗ್ ಹತರಾದ ಒಂದು ವಾರಕ್ಕೆ, ಬಣ್ಣವನ್ನೋ ಹುಟ್ಟಿದ ದೇಶವನ್ನೋ ನೋಡಿ ಮನೆ ನಿರಾಕರಿಸಬಾರದೆಂಬ ಕಾಯ್ದೆಯಾಯಿತು. ಮಕ್ಕಳಿದ್ದಾರೆಂಬ ಕಾರಣಕ್ಕೆ ಮನೆ ನಿರಾಕರಿಸಬಾರದೆಂಬ ಮಾತು ಆ ಕಾಯ್ದೆಗೆ ಸೇರಲು ಮತ್ತೆ ಇಪ್ಪತ್ತು ವರ್ಷ ಬೇಕಾಯಿತು, ಸೇರಿದ್ದು ೧೯೮೮ರಲ್ಲಿ. ಇಂಗ್ಲೆಂಡ್ ಆ ಮಾತನ್ನು ಕಾಯ್ದೆಯಲ್ಲಿ ಬರೆದದ್ದು ೨೦೨೫ರಲ್ಲಿ. ಸಂಸಾರಕ್ಕೆ ಬಾಗಿಲು ಕೊನೆಗೆ ತೆರೆಯಿತೆಂದು ನಾನು ಹೇಳಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮನೆಯೊಡೆಯರೆಲ್ಲ ದುಷ್ಟರೆಂದು ನನ್ನ ಅಭಿಪ್ರಾಯವಲ್ಲ. ವಿದ್ಯಾಲಯವಿರುವ ಊರಿನ ವ್ಯಾಪಾರವೇ ಹಾಗಿದೆ. ನಾಲ್ಕು ಕೋಣೆಯ ಮನೆಯನ್ನು ನಾಲ್ವರು ವಿದ್ಯಾರ್ಥಿಗಳಿಗೆ ಕೋಣೆಯ ಲೆಕ್ಕದಲ್ಲಿ ಕೊಟ್ಟರೆ ನಾಲ್ಕು ಬಾಡಿಗೆ ಹುಟ್ಟುತ್ತದೆ. ಒಂದು ಸಂಸಾರಕ್ಕೆ ಕೊಟ್ಟರೆ ಒಂದು ಸಂಬಳದಿಂದ ಒಂದೇ ಬಾಡಿಗೆ. ಪರದೇಶದಿಂದ ಬಂದವನಿಗೆ ಅಲ್ಲಿಯ ಬ್ಯಾಂಕಿನಲ್ಲಿ ಹಳೆಯ ಲೆಕ್ಕವಿಲ್ಲ, ಅವನು ಹಿಂದೆ ಇದ್ದ ಮನೆಯವರ ಮಾತನ್ನು ಕೇಳುವವರಿಲ್ಲ. ಆದ್ದರಿಂದ ಮುಂಗಡ, ಜಾಮೀನು. ಇದರ ಮೇಲೆ ೨೦೧೪ರ ವಲಸೆ ಕಾಯ್ದೆ, ಬಾಡಿಗೆದಾರನಿಗೆ ದೇಶದಲ್ಲಿರುವ ಹಕ್ಕುಂಟೇ ಎಂದು ಪರೀಕ್ಷಿಸುವ ಭಾರವನ್ನೂ ಮನೆಯೊಡೆಯನ ತಲೆಗೆ ಕಟ್ಟಿತು. ಕಾಗದಪತ್ರ ಸುಲಭವಾಗಿರುವವನಿಗೆ ಕೊಟ್ಟರೆ ಅವನಿಗೆ ತಾಪತ್ರಯವಿಲ್ಲ. ಕಾಯ್ದೆಗಳು ಒಂದಿಷ್ಟು ನೆರವಾಗಿವೆ. ಇಂಗ್ಲೆಂಡಿನ ೨೦೧೯ರ ಕಾಯ್ದೆ ಠೇವಣಿಯನ್ನು ಸಾಮಾನ್ಯ ಮನೆಗಳಿಗೆ ಐದು ವಾರದ ಬಾಡಿಗೆಗೆ ಮಿತಿಗೊಳಿಸಿತು. ೨೦೨೫ರದು ಒಂದು ತಿಂಗಳಿಗಿಂತ ಹೆಚ್ಚಿನ ಬಾಡಿಗೆಯನ್ನು ಮುಂಗಡ ಕೇಳಕೂಡದೆಂದು ವಿಧಿಸಿತು. ಆದರೆ ಊರಿನಲ್ಲಿ ಇಲ್ಲದ ಮನೆಯನ್ನು ಯಾವ ಕಾಯ್ದೆಯೂ ಸೃಷ್ಟಿಸಲಾರದು.

ಕಟ್ಟಬಲ್ಲವರು ವಿದ್ಯಾಲಯದವರು. ಕೇಂಬ್ರಿಜ್ ವಿಶ್ವವಿದ್ಯಾನಿಲಯ ಊರ ವಾಯವ್ಯಕ್ಕೆ ಹೊಸ ಬಡಾವಣೆಯೊಂದನ್ನು ನಿರ್ಮಿಸುತ್ತ, ಯೋಜಿಸಿದ ೩,೦೦೦ ಮನೆಗಳಲ್ಲಿ ಅರ್ಧದಷ್ಟನ್ನು ತನ್ನ ಮತ್ತು ಕಾಲೇಜುಗಳ ನೌಕರರಿಗೆ ಕಡಮೆ ಬಾಡಿಗೆಗೆ ಕೊಡಲು ಮೀಸಲಿಟ್ಟಿದೆ. ಮೊದಲ ಒಕ್ಕಲು ಬಂದದ್ದು ೨೦೧೭ರಲ್ಲಿ. ಆ ಬಡಾವಣೆಗೆ ಖಗೋಳವಿಜ್ಞಾನಿ ಎಡಿಂಗ್ಟನ್ನರ ಹೆಸರಿಟ್ಟಿದ್ದಾರೆ. ೧೯೩೫ರಲ್ಲಿ ನಮ್ಮ ಚಂದ್ರಶೇಖರರ ಸಿದ್ಧಾಂತವನ್ನು ಸಭೆಯಲ್ಲಿ ಗೇಲಿ ಮಾಡಿದ ಮಹಾಶಯರು ಅವರೇ. ಇಂದು ಪರದೇಶದ ತರುಣ ವಿದ್ವಾಂಸನ ಮಕ್ಕಳು ಅವರ ಹೆಸರಿನ ಬಡಾವಣೆಯಲ್ಲಿ ಸೈಕಲ್ ಕಲಿಯಬಹುದೆಂದರೆ ಚರಿತ್ರೆಗೂ ಹಾಸ್ಯಪ್ರಜ್ಞೆ ಇದೆಯೆನ್ನಬೇಕು.

ಈ ಎಂಟು ಶತಮಾನಗಳ ವ್ಯವಹಾರವನ್ನು ನೋಡಿದ ಮೇಲೆ ನನಗೆ ಒಂದು ಮಾತು ನಿಶ್ಚಯವಾಗಿದೆ. ಪರಸ್ಥಳದಿಂದ ಪಂಡಿತನನ್ನು ಕರೆಸಿಕೊಂಡವರು ಅವನ ಬಾಡಿಗೆ ತಮಗೆ ಸಂಬಂಧಪಟ್ಟದ್ದಲ್ಲ ಎನ್ನಲಾಗದು. ೧೨೧೪ರಲ್ಲಿ ಆಕ್ಸ್‌ಫರ್ಡಿನ ಗುರುಗಳು ಹಾಗೆ ಎನ್ನಲಿಲ್ಲ, ೧೯೩೩ರ ಸಹಾಯಕ ಮಂಡಳಿಯೂ ಎನ್ನಲಿಲ್ಲ. ನೇಮಕದ ಪತ್ರದಲ್ಲಿ ಸಂಬಳದ ಸಾಲಿನ ಕೆಳಗೆ ಮನೆಯದೂ ಒಂದು ಸಾಲಿರಬೇಕು: ಇಷ್ಟು ಕೋಣೆ, ಇಷ್ಟು ಬಾಡಿಗೆ, ಜಾಮೀನು ನಮ್ಮದು. ಹೊರಡುವವರೂ ಸಂಕೋಚವಿಲ್ಲದೆ ಅದನ್ನು ಕೇಳಬೇಕು. ನಮ್ಮ ತರುಣರು ಸಂಬಳದ ಅಂಕಿ ನೋಡಿ ಹಿಗ್ಗುತ್ತಾರೆ. ಅದರಲ್ಲಿ ಬಾಡಿಗೆ ಕಳೆದು ಉಳಿದದ್ದೆಷ್ಟು ಎಂಬ ಲೆಕ್ಕ ಮಾಡುವುದು ವಿಮಾನ ಇಳಿದ ಮೇಲೆ. ಈ ಮಾತು ಹೊರದೇಶದವರಿಗೆ ಮಾತ್ರ ಅನ್ವಯಿಸುವುದೆಂದೂ ತಿಳಿಯಬೇಕಾಗಿಲ್ಲ. ಆಫ್ರಿಕದಿಂದಲೋ ನಮ್ಮ ಈಶಾನ್ಯದ ರಾಜ್ಯಗಳಿಂದಲೋ ಬೆಂಗಳೂರಿಗೆ ಓದಲು, ಕಲಿಸಲು ಬಂದವರು ನಮ್ಮ ಬೀದಿಗಳಲ್ಲಿ ಹಲಗೆ ನೋಡಿಕೊಂಡು ಅಲೆಯುತ್ತಿದ್ದಾರೆ. ಅವರ ಊಟವೇನು, ಜಾತಿಯೇನು, ಬಣ್ಣವೇನು ಎಂದು ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುವ ಮನೆಗಳು ಇಲ್ಲಿಯೂ ಕಡಮೆಯಿಲ್ಲ.