ಪುಣೆಯ ಚೀಟಿಗಳು, ಅಜ್ಜಿಯ ಅಡಕೊತ್ತು

ನನ್ನ ಅಜ್ಜಿ ಜಮಖಂಡಿಯವಳು. ಪುಣೆಯ ಕಸಬಾ ಪೇಠೆಯ ವಾಡೆಯಲ್ಲಿ ನಮ್ಮ ಜೊತೆಗಿದ್ದಳು. ಊಟವಾದ ಮೇಲೆ ಎಲಿ-ಅಡಕಿ ತಟ್ಟೆ ಮುಂದಿಟ್ಟುಕೊಂಡು, "ಅಡಕೊತ್ತ ತಗೊಂಡ್ ಬಾರವ್ವಾ" ಎನ್ನುತ್ತಿದ್ದಳು. ಅಂಗಳದ ಆಚೆ ಮನೆಯ ಮಾಲಕೀಣಬಾಯಿ ಅದನ್ನೇ ಮರಾಠಿಯಲ್ಲಿ 'ಅಡಕಿತ್ತಾ' ಎನ್ನುತ್ತಿದ್ದರು. ವಸ್ತು ಒಂದು, ಹೆಸರು ಎರಡು, ಆದರೂ ಅವು ಒಂದೇ ಹೊಟ್ಟೆಯಲ್ಲಿ ಹುಟ್ಟಿದವು. ಪದಗಳ ಮೇಲಿನ ನನ್ನ ಮೋಹ ಶುರುವಾದದ್ದು ಆ ಅಂಗಳದಲ್ಲಿ.

ಮನೆಯಲ್ಲಿ ಜಮಖಂಡಿ ಕನ್ನಡ, ಶಾಲೆಯಲ್ಲಿ ಮರಾಠಿ, ಮುಂದೆ ಕಚೇರಿಯಲ್ಲಿ ಇಂಗ್ಲಿಷು. ಕನ್ನಡದ ಅಕ್ಷರಗಳನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ. ಅಪ್ಪ ಅಂಚೆಯಲ್ಲಿ ತರಿಸುತ್ತಿದ್ದ 'ಸಂಯುಕ್ತ ಕರ್ನಾಟಕ'ದ ತಲೆಬರಹಗಳ ಮೇಲೆ ಬೆರಳಿಟ್ಟು ಕಲಿತೆ. ನಿವೃತ್ತಿಯಾದ ಮೇಲೆ, ಏಳೆಂಟು ವರ್ಷಗಳಿಂದ, ಕನ್ನಡ ವಿಕ್ಷನರಿ ಎಂಬ ಅಂತರಜಾಲದ ಮುಕ್ತ ನಿಘಂಟಿಗೆ ಪದಗಳನ್ನು ಸೇರಿಸುತ್ತಿದ್ದೇನೆ. ಸಂಬಳವಿಲ್ಲ, ಯಾರೂ ನೇಮಿಸಿಲ್ಲ. "ನಿಘಂಟಿಗೆ ಬರೆಯೋಕೆ ನಿಮಗೇನು ಅರ್ಹತೆ?" ಎಂದು ನೆಂಟರೊಬ್ಬರು ಕೇಳಿದರು. ಉತ್ತರವನ್ನು ನಾನು ಈ ಊರಿನ ಚರಿತ್ರೆಯಲ್ಲೇ ಹುಡುಕಿದೆ, ಯಾಕೆಂದರೆ ಪುಣೆ ನಿಘಂಟುಗಳ ಊರು.

ಮೋಲ್ಸ್‌ವರ್ತನ ಮರಾಠಿ-ಇಂಗ್ಲಿಷ್ ಕೋಶ ಅಚ್ಚಾದದ್ದು 1831ರಲ್ಲಿ. ಅವನು ಸೈನ್ಯದ ಅಧಿಕಾರಿ. ಜೊತೆಗಾರರು ಥಾಮಸ್ ಮತ್ತು ಜಾರ್ಜ್ ಕ್ಯಾಂಡಿ ಸಹೋದರರು. ಮುಂದೆ ಥಾಮಸ್ ಕ್ಯಾಂಡಿ ಪುಣೆಯ ಸಂಸ್ಕೃತ ಪಾಠಶಾಲೆಯನ್ನು ನೋಡಿಕೊಂಡ. 1857ರ ಎರಡನೆಯ ಆವೃತ್ತಿಯಲ್ಲಿ ಸುಮಾರು 60,000 ಪದಗಳಿದ್ದವು. ಆದರೆ ಒಂದೊಂದು ಪದವನ್ನೂ ಆಡಿ, ತೂಗಿ, ಇದು ಘಟ್ಟದ ಮೇಲಿನ 'ದೇಶ'ದ್ದು, ಇದು ಕೊಂಕಣದ್ದು ಎಂದು ಬೇರ್ಪಡಿಸಿಕೊಟ್ಟವರು ಮರಾಠಿ ಪಂಡಿತರು. ಮುಖಪುಟದ ಮೇಲೆ ಅವರ ಹೆಸರುಗಳಿಲ್ಲ.

ಮೋಲ್ಸ್‌ವರ್ತನ ಮೊದಲ ಆವೃತ್ತಿ ಬಂದು ನೂರು ವರ್ಷ ಕಳೆದ ಮೇಲೆ ಯಶವಂತ ರಾಮಕೃಷ್ಣ ದಾತೆ, ಚಿಂತಾಮಣ ಗಣೇಶ ಕರ್ವೆ ಇದೇ ಊರಿನಿಂದ 'ಮಹಾರಾಷ್ಟ್ರ ಶಬ್ದಕೋಶ'ದ ಏಳು ಸಂಪುಟಗಳನ್ನು ಹೊರತಂದರು, 1932ರಿಂದ 1938ರೊಳಗೆ. ಅದರಲ್ಲಿ ಕೆಲವು ಪದಗಳ ಕೊನೆಗೆ ಕಂಸದೊಳಗೆ 'ಕಾ.' ಎಂದಿರುತ್ತದೆ. ಕಾನಡಿ, ಅಂದರೆ ಕನ್ನಡ. ಆ ಒಂದಕ್ಷರ ಕಂಡಾಗಲೆಲ್ಲ ನನಗೆ ನಮ್ಮ ವಾಡೆಯ ಅಂಗಳ ನೆನಪಾಗುತ್ತದೆ.

ಇನ್ನು ಯೆರವಡೆಯ ಡೆಕ್ಕನ್ ಕಾಲೇಜು. 1948ರಲ್ಲಿ ಸುಮಿತ್ರ ಮಂಗೇಶ ಕತ್ರೆ ಅಲ್ಲಿ ಚಾರಿತ್ರಿಕ ಕ್ರಮದ ಸಂಸ್ಕೃತ ಮಹಾಕೋಶದ ಕೆಲಸಕ್ಕೆ ಕೈಹಾಕಿದರು. ಋಗ್ವೇದದಿಂದ ಹಿಡಿದು ಸುಮಾರು 1,500 ಗ್ರಂಥಗಳನ್ನು ಓದಿ ಪದಗಳ ಬಳಕೆಯನ್ನು ಚೀಟಿಗಳಲ್ಲಿ ಬರೆಯುವುದಕ್ಕೇ 25 ವರ್ಷ ಹಿಡಿಯಿತು. ಲೋಹದ ಡ್ರಾಯರುಗಳಲ್ಲಿ ಒಂದು ಕೋಟಿಯಷ್ಟು ಚೀಟಿಗಳು ಸೇರಿದವು. ಮೊದಲ ಭಾಗ ಅಮೃತ ಮಾಧವ ಘಾಟಗೆಯವರ ಸಂಪಾದಕತ್ವದಲ್ಲಿ 1976ರಲ್ಲಿ ಬಂತು. ಪ್ರಕಟವಾದ ಸಂಪುಟಗಳೆಲ್ಲ ಇನ್ನೂ 'ಅ'ಕಾರದಲ್ಲೇ ಇವೆ. ತಾವು ಬರೆದ ಚೀಟಿ ಅಚ್ಚಾಗುವುದನ್ನು ನೋಡಲಾರೆವೆಂದು ತಿಳಿದೂ ಬರೆದವರ ಕೈಗಳಿಗೆ ನಾನು ನಮಸ್ಕಾರ ಮಾಡುತ್ತೇನೆ.

ಕನ್ನಡಿಗರು ಅಷ್ಟಾಗಿ ನೆನೆಯದ ಇನ್ನೊಂದು ಕೆಲಸ ಅದೇ ಆವರಣದಲ್ಲಿ ನಡೆದಿದೆ. ವಿಲಿಯಂ ಬ್ರೈಟ್ ಅವರ ಆಡುಗನ್ನಡದ ವ್ಯಾಕರಣ 1958ರಲ್ಲಿ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಯಿತು. 1960ರ ದಶಕದಲ್ಲಿ ನಂಜನಗೂಡು, ಗುಲಬರ್ಗಾ ಕನ್ನಡಗಳ ಮೇಲೆ ಒಂದೊಂದು ಪುಸ್ತಕ ಬಂತು. ಡಿ. ಎನ್. ಶಂಕರ ಭಟ್ಟರ ತುಳು, ಕೊರಗ, ಹವ್ಯಕ ಅಧ್ಯಯನಗಳೂ ಇಲ್ಲಿಯವೇ. ನಂಜನಗೂಡು ಕನ್ನಡವನ್ನು ದಾಖಲಿಸಿದ ಯು. ಪಿ. ಉಪಾಧ್ಯಾಯರು ಮುಂದೆ ಉಡುಪಿಯಲ್ಲಿ ತುಳು ನಿಘಂಟಿನ ಆರು ಸಂಪುಟಗಳನ್ನು ಸಂಪಾದಿಸಿದರು. ಈ ಪುಸ್ತಕಗಳೆಲ್ಲ ನಿಂತಿರುವುದು ತಮ್ಮ ಮನೆಮಾತನ್ನು ಆಡಿ ತೋರಿಸಿದವರ ನಾಲಿಗೆಯ ಮೇಲೆ.

ಇಷ್ಟು ತಿಳಿದ ಮೇಲೆ ನೆಂಟರ ಪ್ರಶ್ನೆಗೆ ಉತ್ತರ ಸಿಕ್ಕಿತು. ಎರಡು ಮನೆಯ ಮಾತು ಕಿವಿಗೆ ಬಿದ್ದಿದ್ದರೆ ಅದೊಂದು ಬಂಡವಾಳ. 'ಖೋಲಿ', 'ಬಶಿ' ಎಂಬ ಮಾತುಗಳನ್ನು ಅಜ್ಜಿ ಕನ್ನಡವೆಂದೇ ಆಡುತ್ತಿದ್ದಳು. ಮರಾಠಿ ಬಲ್ಲ ನನಗೆ ಅವು ಬಂದ ದಾರಿ ಗೊತ್ತು. ಕನ್ನಡ ಕೊಟ್ಟದ್ದನ್ನು ಬರೆದಷ್ಟೇ ನಿಷ್ಠೆಯಿಂದ ಪಡೆದದ್ದನ್ನೂ ಬರೆಯಬೇಕು.

ಆದರೆ ಕಿವಿಯೊಂದೇ ಸಾಲದು. ಮರಾಠಿಯಲ್ಲಿ ಅಕ್ಕನಿಗೆ 'ತಾಯಿ' ಎನ್ನುತ್ತಾರೆ. ಅದು ನಮ್ಮ 'ತಾಯಿ'ಯಿಂದಲೇ ಬಂದದ್ದು ಎಂದು ಮೊದಲ ವರ್ಷ ನಾನು ಖಚಿತವಾಗಿ ಬರೆದುಬಿಟ್ಟೆ. ಹಿರಿಯರೊಬ್ಬರು "ಆಧಾರ ಯಾವುದಮ್ಮಾ?" ಎಂದು ಕೇಳಿದರು. ನನ್ನ ಬಳಿ ಅಭಿಮಾನವಿತ್ತು, ಆಧಾರವಿರಲಿಲ್ಲ. ಆ ಸಾಲನ್ನು ಅಳಿಸಿದೆ. ಮರಾಠಿಯ 'ತೂಪ್' ಹಾಗಲ್ಲ. ಹಾಲ ರಾಜನ ಹೆಸರಿನಲ್ಲಿರುವ ಪ್ರಾಕೃತ ಗಾಥಾಸಪ್ತಶತಿಯಲ್ಲೇ 'ತುಪ್ಪ' ಇದೆ. ಕಿವಿಗೆ ಕೇಳಿದ ಹೋಲಿಕೆಗೂ ಗ್ರಂಥದಲ್ಲಿ ಸಿಕ್ಕ ಸಾಕ್ಷಿಗೂ ಇರುವ ಅಂತರ ನನಗೆ ಅಂದು ಮನದಟ್ಟಾಯಿತು.

ಅಂದಿನಿಂದ ಪ್ರತಿ ಪದದ ಜೊತೆ ಮೂರು ವಿಷಯ ಬರೆದಿಡುತ್ತೇನೆ: ಯಾರ ಬಾಯಲ್ಲಿ ಕೇಳಿದೆ, ಎಲ್ಲಿ, ಯಾವ ವಾಕ್ಯದಲ್ಲಿ. ಅಡಕೊತ್ತಿನ ಚೀಟಿ ಹೀಗಿದೆ: ಅಡಕೆ ಕತ್ತರಿಸುವ ಸಾಧನ; ಜಮಖಂಡಿ ಮೂಲದ ಹೆಂಗಸು; ಪುಣೆ, ಕಸಬಾ ಪೇಠೆ, 1965ರ ಸುಮಾರು; "ಅಡಕೊತ್ತ ತಗೊಂಡ್ ಬಾರವ್ವಾ."

ಸೊಲ್ಲಾಪುರ, ಸಾಂಗಲಿ, ಕಾಸರಗೋಡು, ಪುಣೆ, ಎಲ್ಲೇ ಇರಿ, ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಮಾತ್ರ ಉಳಿದಿರುವ ಒಂದಾದರೂ ಮಾತು ನಿಮಗೆ ಗೊತ್ತಿರುತ್ತದೆ. ಅದನ್ನು ಇವತ್ತೇ ಬರೆದಿಡಿ. ಆಡಿದವರ ಊರನ್ನೂ ಆಡಿದ ವಾಕ್ಯವನ್ನೂ ಮರೆಯದೆ ಸೇರಿಸಿ.